ಚಳಿಯ ಸಿದ್ಧತೆಯನ್ನು ಕಬ್ಬಿನ ಬಿಲ್ಲಿಗೆ ಕಟ್ಟಬೇಡಿರಿ

ಶೀಗಿ ಹುಣ್ಣಿವೆ ಕಳೆಯಿತು. ದೂಧಗಂಗೆಯ ದಂಡೆಗಿರುವ ನಮ್ಮ ಸುಳಕೂಡದಲ್ಲಿ ಬೆಳಗಿನ ಹೊತ್ತು ಕಬ್ಬಿನ ಗರಿಯ ಮೇಲೆ ಇಬ್ಬನಿ ನಿಲ್ಲತೊಡಗಿದೆ. ಮುದುಕರು ಬಿಸಿಲೇರಿದ ಮೇಲೆಯೇ ಕಟ್ಟೆಗೆ ಬಂದು ಕೂಡ್ರುತ್ತಾರೆ. ಇನ್ನು ಹದಿನೈದು ದಿವಸಕ್ಕೆ ದೀಪಾವಳಿ. ಅದರ ಬೆನ್ನಿಗೇ ಚಳಿ. ಪ್ರತಿ ವರ್ಷ ಈ ಹೊತ್ತಿಗೆ ನಮ್ಮ ಕಡೆಯ ದೊಡ್ಡ ಮನೆತನಗಳಲ್ಲಿ ಒಂದೇ ಮಾತು ಕೇಳಿಬರುತ್ತದೆ: "ಇರಲಿ, ಬಿಲ್ಲು ಬಂದ ಮೇಲೆ ನೋಡೋಣ." ಈ ಮಾತಿನ ವಿಷಯವಾಗಿಯೇ ನಾವು ಇಂದು ನಾಲ್ಕು ವಿಚಾರ ಬರೆಯಬೇಕೆಂದಿದ್ದೇವೆ.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ಹಿರಿಯರು ಹೇಳುತ್ತಾರೆ. ಒಬ್ಬನೇ ಮಲಗುವವನಿಗೆ ಈ ಗಾದೆ ಸುಲಭ. ಒಂದೇ ಪಡಸಾಲೆಯಲ್ಲಿ ಹತ್ತು ಹದಿನಾರು ಮಂದಿ ಮಲಗುವ ಮನೆಯಲ್ಲಿ ಕಾಲುಗಳು ಹೆಚ್ಚು, ಹಾಸಿಗೆ ಕಡಿಮೆ. ಒಬ್ಬರು ಹೊದಿಕೆ ಎಳೆದುಕೊಂಡರೆ ಇನ್ನೊಬ್ಬರ ಬೆನ್ನು ಬಯಲಾಗುತ್ತದೆ. ಅಂಥ ಮನೆಯಲ್ಲಿ ಚಳಿಯೆಂಬುದು ಬರೀ ಹವೆಯ ಮಾತಲ್ಲ. ಮನೆತನದ ಒಗ್ಗಟ್ಟಿನ ಮಾತು. ಕಬ್ಬಿನ ಬಿಲ್ಲಿನ ದಾರಿ ಕಾಯದೆ, ಅದು ಬರುವ ಮೊದಲೇ, ಮನೆಯಲ್ಲಿದ್ದುದರಿಂದಲೂ ಹಾಲಿನ ದುಡ್ಡಿನಿಂದಲೂ ಚಳಿಯ ಸಿದ್ಧತೆ ಮುಗಿಯಬೇಕು, ಮುಗಿಸಲು ಬರುತ್ತದೆ ಎಂಬುದು ನಮ್ಮ ಅಭಿಪ್ರಾಯ.

ಹೊಳೆ ಕಲಿಸಿದ ಪಾಠ

ಇದನ್ನು ನಾವು ಪುಸ್ತಕ ಓದಿ ಹೇಳುತ್ತಿಲ್ಲ. ನಮ್ಮದು ಹದಿನಾರು ಮಂದಿಯ ಮನೆ. ಅಪ್ಪ-ಅವ್ವ, ಮೂವರು ಅಣ್ಣತಮ್ಮಂದಿರು, ಮೂವರು ಸೊಸೆಯಂದಿರು, ತವರಿಗೆ ಬಂದು ನಿಂತ ಒಬ್ಬ ಅತ್ತೆ, ಏಳು ಮಕ್ಕಳು. ಮೂರೂವರೆ ಎಕರೆ ಹೊಲ, ಎರಡು ಎಮ್ಮೆ. ಕಿರಿಯ ತಮ್ಮ ಇಚಲಕರಂಜಿಯ ಮಗ್ಗದ ಕೆಲಸಕ್ಕೆ ಹೋಗಿಬರುತ್ತಾನೆ. ಇಂಥ ಮನೆಗಳು ಗಡಿಯ ಈಚೆಗೂ ಆಚೆಗೂ ನೂರಾರು ಇವೆ. ಆದ್ದರಿಂದ ನಮ್ಮ ಲೆಕ್ಕ ಎಷ್ಟೋ ಮಂದಿಗೆ ಹೊಂದೀತು.

2019ರ ಆಗಸ್ಟ್ ತಿಂಗಳ ಮಹಾಪೂರವನ್ನು ಕೊಲ್ಹಾಪುರ ಜಿಲ್ಲೆಯ ಹೊಳೆಸಾಲಿನ ಯಾರೂ ಮರೆತಿಲ್ಲ. ನಮ್ಮ ಮನೆಯೊಳಗೂ ನೀರು ಹೊಕ್ಕಿತು. ದನಕರುಗಳನ್ನು ದಿನ್ನೆಗೆ ಹೊಡೆದುಕೊಂಡು ಹೋದೆವು, ಮಕ್ಕಳನ್ನು ಎತ್ತಿಕೊಂಡು ಹೋದೆವು. ಚೀಲದಲ್ಲಿದ್ದ ಐದು ಕ್ವಿಂಟಲ್ ಜೋಳ ಮಾತ್ರ ನೆಲದ ಮೇಲೆಯೇ ಉಳಿಯಿತು. ನೀರು ಇಳಿದ ಮೇಲೆ ನೋಡಿದರೆ ಜೋಳ ಮೊಳಕೆಯೊಡೆದು ನಾರುತ್ತಿತ್ತು. ಕೌದಿಗಳು ರಾಡಿಯಲ್ಲಿ ನೆನೆದು ಕೊಳೆತಿದ್ದವು. ಆಗಲೂ ನಾವು ಅಂದುದು ಅದೇ ಮಾತು: ಬಿಲ್ಲು ಬಂದ ಮೇಲೆ ನೋಡೋಣ.

ಆ ವರ್ಷ ಕಬ್ಬಿನ ಹಂಗಾಮು ತಡವಾಗಿ, ನವೆಂಬರ ತಿಂಗಳ ಕೊನೆಯ ಸುಮಾರಿಗೆ ಶುರುವಾಯಿತು. ನೀರಲ್ಲಿ ನಿಂತ ಕಬ್ಬಿನ ತೂಕ ಇಳಿದಿತ್ತು. ನಮ್ಮ ಹೊಲಕ್ಕೆ ಟೋಳಿ ಬರುವ ಹೊತ್ತಿಗೆ ಸಂಕ್ರಮಣ ದಾಟಿತು. ನಡುವೆ ಮನೆ ನಡೆಯಬೇಕಲ್ಲ? ನೂರಕ್ಕೆ ತಿಂಗಳಿಗೆ 3 ರೂಪಾಯಿ ಬಡ್ಡಿಯಂತೆ 20,000 ರೂಪಾಯಿ ಕೈಸಾಲ ತಂದೆವು. ಐದು ತಿಂಗಳಿಗೆ 3,000 ರೂಪಾಯಿ ಬರೀ ಬಡ್ಡಿ ಕಟ್ಟಿದೆವು. ಆ ಬಡ್ಡಿಯ ದುಡ್ಡಿನಲ್ಲಿ ಇಡೀ ಮನೆಗೆ ಹೊದಿಕೆ ಆಗುತ್ತಿತ್ತು.

ಸಾಲವನ್ನು ತೀರಿಸಿದೆವು. ತೀರಿಸಲು ಕಷ್ಟವಾದದ್ದು ಬೇರೆ. ಆ ಚಳಿಗೆ ಮನೆಯಲ್ಲಿ ಒಣ ಕೌದಿ ಮೂರೇ ಉಳಿದಿದ್ದವು. ಕಿರಿಯ ಸೊಸೆಯ ತೊಡೆಯ ಮೇಲೆ ನಾಲ್ಕು ತಿಂಗಳ ಕೂಸು. ಒಂದು ಕೌದಿ ಮುದುಕರಿಗೆ ಹೋಯಿತು, ಒಂದು ದೊಡ್ಡ ಮಕ್ಕಳಿಗೆ. ಮೂರನೆಯದು ಯಾರಿಗೆ ಎಂಬ ಮಾತಿನ ಮೇಲೆ ಎದ್ದ ಜಗಳ ಒಲೆ ಬೇರೆ ಮಾಡುವವರೆಗೆ ಬಂದಿತ್ತು. ಕೂಸಿಗೆ ಕೆಮ್ಮು ಹತ್ತಿ ಒಂದು ವಾರ ದವಾಖಾನೆಯಲ್ಲಿ ಇಡಬೇಕಾಯಿತು. ಆ ಹೆದರಿಕೆಯಲ್ಲಿಯೇ ಜಗಳ ತಣ್ಣಗಾಯಿತು. ಹೊಲದ ಪಾಲಿನ ಮೇಲೆ ಮನೆ ಒಡೆಯುತ್ತವೆಂದು ನಾವು ಕೇಳಿದ್ದೆವು. ಹೊದಿಕೆಯ ಪಾಲಿನ ಮೇಲೂ ಒಡೆಯುತ್ತವೆಂಬುದನ್ನು ಆಗ ಕಂಡೆವು.

ಬಿಲ್ಲಿನ ಗುಣ

ಕಬ್ಬಿನ ಬಿಲ್ಲನ್ನು ನಾವು ಹಳಿಯುತ್ತಿಲ್ಲ. ನಮ್ಮ ಕಡೆ ಹೆಂಚಿನ ಮನೆಗಳು ಎದ್ದುದು, ಮಕ್ಕಳು ಕಾಲೇಜು ಕಂಡುದು ಅದರಿಂದಲೇ. ಆದರೆ ಅದರ ಗುಣ ತಿಳಿದಿರಬೇಕು. ಕಬ್ಬು ಹಾಕಿದ ಹದಿನಾಲ್ಕು ದಿವಸದೊಳಗೆ ದುಡ್ಡು ಕೊಡಬೇಕೆಂದೂ, ತಡವಾದರೆ ವರ್ಷಕ್ಕೆ ನೂರಕ್ಕೆ 15ರಂತೆ ಬಡ್ಡಿ ಕೊಡಬೇಕೆಂದೂ 1966ರ ಕಬ್ಬು ನಿಯಂತ್ರಣ ಆಜ್ಞೆಯಲ್ಲಿ ಇದೆ. ಕಾಯಿದೆ ಒಳ್ಳೆಯದು. ಆದರೆ ಹದಿನಾಲ್ಕು ದಿವಸ ಎಣಿಸುವುದು ಕಬ್ಬು ಕಾರಖಾನೆಗೆ ಮುಟ್ಟಿದ ಮೇಲೆ. ಟೋಳಿ ಯಾವಾಗ ಬರುವುದು, ನಮ್ಮ ಪಾಳಿ ಯಾವಾಗ ಬರುವುದು, ಇದನ್ನು ಯಾವ ಕಾಯಿದೆಯೂ ಹೇಳುವುದಿಲ್ಲ. ಕಾರ್ತಿಕದಲ್ಲಿ ಕಡಿದರೂ ಕಬ್ಬೇ, ಮಾಘದಲ್ಲಿ ಕಡಿದರೂ ಕಬ್ಬೇ. ಚಳಿ ಮಾತ್ರ ಅಲ್ಲಿಯವರೆಗೆ ಕಾಯುವುದಿಲ್ಲ.

ಇನ್ನೊಂದು ಗುಣವಿದೆ. ಬಿಲ್ಲು ನಮ್ಮ ಕೈಗೆ ಬರುವ ಮೊದಲೇ ಸೇವಾ ಸೊಸೈಟಿಯ ಬೆಳೆಸಾಲ ಕಡಿತವಾಗುತ್ತದೆ. ಉಳಿದುದು ಒಂದೇ ಗಂಟಾಗಿ ಬರುತ್ತದೆ. ಒಂದೇ ಗಂಟಾಗಿ ಬಂದ ದುಡ್ಡು ದೊಡ್ಡದಾಗಿ ಕಾಣುತ್ತದೆ, ದೊಡ್ಡ ಕೆಲಸವನ್ನೇ ಬೇಡುತ್ತದೆ: ಗೊಬ್ಬರ, ಪೈಪು, ಮಗಳ ಮದುವೆ, ಮೋಟಾರ ಸೈಕಲ್ಲು. ಅದರ ಮುಂದೆ ಮುದುಕಿಯ ಕೌದಿ ಯಾರ ಕಣ್ಣಿಗೂ ಬೀಳುವುದಿಲ್ಲ. ಆದ್ದರಿಂದ ಬಿಲ್ಲು ಸಾಲಕ್ಕೂ ಬರುವ ಬೆಳೆಗೂ ಇರಲಿ. ಚಳಿಗೆ ಬೇರೆ ಗಂಟು ಕಟ್ಟಬೇಕು.

ಹಾಲಿನ ಫರಕು

ಆ ಬೇರೆ ಗಂಟು ಎಲ್ಲಿದೆ? ನಮ್ಮ ಮನೆಗಳಲ್ಲಿ ಮೂರು ತರದ ದುಡ್ಡು ಬರುತ್ತದೆ. ಮಗ್ಗದ ಪಗಾರ ವಾರಕ್ಕೊಮ್ಮೆ. ಅದು ಸಂತೆಗೆ ಸರಿಹೋಗುತ್ತದೆ. ಕಬ್ಬಿನ ಬಿಲ್ಲು ವರ್ಷಕ್ಕೊಮ್ಮೆ. ಇವೆರಡರ ನಡುವೆ ಹಾಲಿನ ಬಿಲ್ಲಿದೆ. ನಮ್ಮ ಜಿಲ್ಲೆಯಲ್ಲಿ ಅದು ಹತ್ತು ದಿವಸಕ್ಕೊಮ್ಮೆ ಆಗುತ್ತದೆ. ಗೋಕುಳ ಸಂಘ ಹುಟ್ಟಿದ 1963ರಿಂದ ಈಚೆಗೆ ಎಮ್ಮೆಯ ಹಾಲು ನಮ್ಮ ಬಡವರ ಬ್ಯಾಂಕೇ ಆಗಿದೆ ಎನ್ನಬಹುದು. ವರ್ಷವಿಡೀ ಹಾಕಿದ ಹಾಲಿನ ಮೇಲೆ ದರದ ಫರಕನ್ನು ಲೆಕ್ಕ ಮಾಡಿ ದೀಪಾವಳಿಗೆ ಮೊದಲು ಕೊಡುವ ರೂಢಿಯೂ ಬೆಳೆದು ಬಂದಿದೆ. ಹೊತ್ತಿಗೆ ಸರಿಯಾಗಿ, ಚಳಿಯ ಬಾಗಿಲಲ್ಲಿಯೇ ಬರುವ ದುಡ್ಡು ಇದು. ಇದು ಹೆಣ್ಣುಮಕ್ಕಳು ಸೆಗಣಿ ಬಾಚಿ, ಮೇವು ಹೊತ್ತು ಗಳಿಸಿದ ದುಡ್ಡು ಎಂಬುದನ್ನೂ ಮರೆಯಬಾರದು.

ಆದರೆ ನಾವು ಈ ಫರಕನ್ನು ಏನು ಮಾಡುತ್ತೇವೆ? ಪೇಟೆಗೆ ಹೋಗಿ ಸೀರೆ, ಪಟಾಕಿ, ಡಬ್ಬಿಯ ಮಿಠಾಯಿ ತಂದು ನಾಲ್ಕು ದಿವಸದಲ್ಲಿ ಮುಗಿಸುತ್ತೇವೆ. ಹಬ್ಬ ಬೇಡವೆಂದು ನಾವು ಹೇಳುವುದಿಲ್ಲ. ಮೊದಲು ಹೊದಿಕೆ, ಆಮೇಲೆ ಹಬ್ಬ ಎಂಬ ಸಾಲು ಹಿಡಿಯಿರೆಂದಷ್ಟೇ ಹೇಳುತ್ತೇವೆ. ಕಳೆದ ವರ್ಷ ನಮ್ಮ ಮನೆಗೆ ಫರಕಿನ ದುಡ್ಡು 7,400 ರೂಪಾಯಿ ಬಂತು. ಅದರ ಖರ್ಚು ಹೀಗೆ ಆಯಿತು: ಕೌದಿಗೆ ಮಗ್ಗದ ತುಂಡುಬಟ್ಟೆ 10 ಕಿಲೋ, 900 ರೂಪಾಯಿ, ನೂಲು-ಸೂಜಿ 150, ಮುದುಕರಿಗೆ ಒಂದು ಕಂಬಳಿ 1,800, ನಾಲ್ವರು ಸಣ್ಣ ಮಕ್ಕಳಿಗೆ ಸ್ವೆಟರು 1,400, ಗಾಣದಿಂದ 30 ಕಿಲೋ ಬೆಲ್ಲ 1,440, ಒಲೆಯ ದುರಸ್ತಿ 500, ಔಷಧಕ್ಕೆಂದು ಡಬ್ಬಿಯಲ್ಲಿ ಮುಟ್ಟದೆ ಇಟ್ಟದ್ದು 1,000. ಒಟ್ಟು 7,190. ಉಳಿದ 210 ರೂಪಾಯಿಗೆ ಮಕ್ಕಳು ಪಟಾಕಿ ತಂದರು. ಸಪ್ಪಳ ಸ್ವಲ್ಪ ಕಡಿಮೆಯಾಯಿತು. ಮಾಘದವರೆಗೆ ಯಾರ ಬಾಗಿಲಿಗೂ ಹೋಗಲಿಲ್ಲ.

ಕೌದಿ ಮತ್ತು ಕಂಬಳಿ

ಪೇಟೆಯಲ್ಲಿ ಈಗ ಬಣ್ಣಬಣ್ಣದ ನುಣುಪಾದ ರಗ್ಗುಗಳು ರಾಶಿ ಬಿದ್ದಿವೆ. ನೋಡಲು ಚೆಂದ. ಅವುಗಳಲ್ಲಿ ಬಹಳಷ್ಟು ಕೃತಕ ನೂಲಿನವು. ಒಲೆಯ ಕಿಡಿ ಬಿದ್ದರೆ ಕರಗಿ ಮೈಗೆ ಅಂಟುತ್ತವೆ. ಹದಿನಾರು ಮಂದಿಗೆ ಅವನ್ನು ಕೊಳ್ಳಲು ಹೋದರೆ ಗಂಟು ಕರಗುತ್ತದೆ. ನಮ್ಮ ಅಜ್ಜಿಯರ ಕೌದಿಗೆ ಸರಿಯಾದದ್ದು ಇನ್ನೂ ಬಂದಿಲ್ಲವೆಂದು ನಾವು ತಿಳಿಯುತ್ತೇವೆ. ಕೌದಿಯ ಬಿಸುಪು ಬಟ್ಟೆಯ ದಪ್ಪದಿಂದಷ್ಟೇ ಬರುವುದಲ್ಲ. ಪದರು ಪದರಿನ ನಡುವೆ ಸಿಕ್ಕ ಗಾಳಿಯಿಂದ ಬರುವುದು. ಆದ್ದರಿಂದ ಒಂದು ದಪ್ಪ ಚಾದರಿಗಿಂತ ಐದಾರು ಪದರಿನ ಹಳೆಯ ನೂಲಿನ ಸೀರೆ-ಧೋತರದ ಕೌದಿ ಬೆಚ್ಚಗೆ.

ಹೊಲಿಯುವಾಗ ಮೂರು ಮಾತು ಲಕ್ಷ್ಯದಲ್ಲಿರಲಿ. ಒಳಗೆ ನೂಲಿನ ಮೆದು ಬಟ್ಟೆ, ಹೊರಗೆ ಗಟ್ಟಿ ಬಟ್ಟೆ ಇರಬೇಕು. ಕೃತಕ ನೂಲಿನ ಸೀರೆಗಳನ್ನು ಒಳಪದರಿಗೆ ಹಾಕಿದರೆ ಬೆವರು ಹೀರುವುದಿಲ್ಲ. ಹಾಕುವುದಾದರೆ ಹೊರಮೈಗೆ ಮಾತ್ರ. ಹೊಲಿಗೆಯ ಸಾಲು ತೀರ ಒತ್ತಾದರೆ ಗಾಳಿ ನಿಲ್ಲುವುದಿಲ್ಲ, ತೀರ ಅಗಲವಾದರೆ ತೊಳೆದಾಗ ಬಟ್ಟೆ ಮುದ್ದೆಗಟ್ಟುತ್ತದೆ; ಎರಡು ಬೆರಳಿನ ಅಂತರ ಸಾಕು. ಹಳೆಯ ಬಟ್ಟೆ ಸಾಲದಿದ್ದರೆ ಇಚಲಕರಂಜಿ ನಮ್ಮ ಮಗ್ಗುಲಲ್ಲಿಯೇ ಇದೆ. 1904ರಲ್ಲಿ ಅಲ್ಲಿ ಮೊದಲನೆಯ ವಿದ್ಯುತ್ ಮಗ್ಗ ಬಂತು. ಈಗ ಹಗಲು ರಾತ್ರಿ ಮಗ್ಗದ ಸಪ್ಪಳ ಊರ ಹೊರಗೂ ಕೇಳುತ್ತದೆ. ಅಲ್ಲಿ ಮೀಟರಿನ ಬಟ್ಟೆಯನ್ನೇ ಕೊಳ್ಳಬೇಕೆಂದಿಲ್ಲ. ಕಿಲೋದ ಮೇಲೆ ತುಂಡುಬಟ್ಟೆ ಕೇಳಿರಿ. ನಮ್ಮ ಹೆಣ್ಣುಮಕ್ಕಳು ಮಧ್ಯಾಹ್ನ ಕೂಡಿ ಕುಳಿತು ಇಪ್ಪತ್ತು ದಿವಸದಲ್ಲಿ ನಾಲ್ಕು ಕೌದಿ ಮುಗಿಸುತ್ತಾರೆ. ಈ ವರ್ಷ ಗಂಡುಮಕ್ಕಳೂ ಸೂಜಿ ಹಿಡಿಯಬೇಕೆಂದು ಮನೆಯಲ್ಲಿ ಠರಾವು ಆಗಿದೆ. ಬೆರಳಿಗೆ ಚುಚ್ಚಿಸಿಕೊಂಡವನು ಕೌದಿಯನ್ನು ಅಂಗಳದಲ್ಲಿ ಎಸೆಯುವುದಿಲ್ಲ.

ಮುದುಕರಿಗೆ ಮಾತ್ರ ಒಂದು ಉಣ್ಣೆಯ ಕಂಬಳಿ ಇರಲೇಬೇಕು. ದೀಪಾವಳಿಗೆ ಮೊದಲು ಪಟ್ಟಣಕೊಡೋಲಿಯ ವಿಠ್ಠಲ-ಬೀರದೇವರ ಜಾತ್ರೆ ಬರುತ್ತದೆ. ಧನಗರ ಬಂಧುಗಳು ಕೂಡುವ ಆ ಜಾತ್ರೆಯಲ್ಲಿ ಕಂಬಳಿ ಸಿಗುತ್ತದೆ. ನಮ್ಮ ದಖ್ಖನಿ ಕುರಿಯ ಉಣ್ಣೆ ಒರಟು. ಹುಣಸೆ ಬೀಜದ ಗಂಜಿ ಕೊಟ್ಟ ಹೊಸ ಕಂಬಳಿ ಮೈಗೆ ಚುಚ್ಚುತ್ತದೆ. ಒಳಗೆ ಒಂದು ಹಳೆಯ ಧೋತರ ಹಾಕಿ ಹೊದೆದರೆ ಆಯಿತು. ಕಂಬಳಿ ಹತ್ತಾರು ವರ್ಷ ಬಾಳುತ್ತದೆ. ದುಬಾರಿಯೆಂದು ಕಾಣುವುದು ಕೊಳ್ಳುವ ದಿವಸ ಮಾತ್ರ.

ಕಾಳಿನ ಲೆಕ್ಕ

ಹೊದಿಕೆಯಾದ ಮೇಲೆ ಹೊಟ್ಟೆ. ಚಳಿಗೆ ಹಸಿವೆ ಹೆಚ್ಚು. ಅನ್ನ ಸ್ವಲ್ಪ, ಉಳಿದುದು ರೊಟ್ಟಿ ಎಂದು ಹಿಡಿದರೆ ನಮ್ಮ ಹದಿನಾರು ಮಂದಿಗೆ ದಿವಸಕ್ಕೆ 5 ಕಿಲೋ ಜೋಳದ ಹಿಟ್ಟು ಬೇಕು. ತಿಂಗಳಿಗೆ 150 ಕಿಲೋ. ಕಾರ್ತಿಕದಿಂದ ಮಾಘದವರೆಗೆ ನಾಲ್ಕು ತಿಂಗಳಿಗೆ 6 ಕ್ವಿಂಟಲ್. ಪ್ರತಿಯೊಂದು ಮನೆಯವರೂ ತಮ್ಮ ಮಂದಿ ಎಣಿಸಿ ಈ ಲೆಕ್ಕ ಮಾಡಿಕೊಳ್ಳಬೇಕು. ಲೆಕ್ಕವಿಲ್ಲದ ಮನೆ ಹತ್ತು ಕಿಲೋದಂತೆ ಅಂಗಡಿಯಿಂದ ತರುತ್ತದೆ, ಉದ್ರಿ ಬರೆಸುತ್ತದೆ, ದರ ಕೇಳಲು ನಾಚುತ್ತದೆ. ಹಿಂಗಾರಿ ಜೋಳ ಸೋವಿಯಾಗುವುದು ರಾಶಿಯ ಹೊತ್ತಿಗೆ, ಮಾಘ-ಫಾಲ್ಗುಣದಲ್ಲಿ. ತುಟ್ಟಿಯಾಗುವುದು ಹಳೆಯದು ತೀರಿ ಹೊಸದು ಬಾರದಿರುವ ಈ ಹೊತ್ತಿನಲ್ಲಿ. ಆದುದರಿಂದ ಮುಂದಿನ ಚಳಿಯ ಜೋಳವನ್ನು ಈ ಚಳಿಯ ಕೊನೆಗೇ ಕೂಡಿಡಬೇಕು. ಈ ವರ್ಷ ತಪ್ಪಿದ್ದರೆ, ಎರಡು-ಮೂರು ಮನೆಗಳು ಕೂಡಿ ಚೀಲದ ಲೆಕ್ಕದಲ್ಲಿ ನಗದು ಕೊಟ್ಟು ಕೊಂಡರೂ ಅಂಗಡಿಯ ಉದ್ರಿಗಿಂತ ಲೇಸು.

ಕೂಡಿಟ್ಟುದು ಉಳಿಯಬೇಕು. ಕಾಳನ್ನು ಹಲ್ಲಿನಲ್ಲಿ ಕಡಿದರೆ ಕಟ್ಟೆಂದು ಒಡೆಯುವಷ್ಟು ಒಣಗಿಸಿರಿ. ನೂರಕ್ಕೆ 12ಕ್ಕಿಂತ ಹೆಚ್ಚು ತೇವ ಇದ್ದರೆ ಹುಳ, ಬೂಷ್ಟು ತಪ್ಪಿದ್ದಲ್ಲ. ಹಿಂದಿನವರ ಹಗೇವು ಎತ್ತರದ ಗಟ್ಟಿ ನೆಲಕ್ಕೆ ಸರಿ, ಹೊಳೆಸಾಲಿಗೆ ಸರಿಯಲ್ಲ. ತಗಡಿನ ಕಣಜ ಇಲ್ಲವೆ ಗಾಳಿಯಾಡದ ಪ್ಲಾಸ್ಟಿಕ್ಕಿನ ಒಳಚೀಲ ಒಳ್ಳೆಯದು. ಬಾಯಿ ಬಿಗಿಯಾಗಿ ಕಟ್ಟಿದರೆ ಒಳಗಿನ ಹುಳ ಗಾಳಿಯಿಲ್ಲದೆ ಸಾಯುತ್ತದೆ. 2005, 2019, 2021, ಈ ಮೂರು ವರ್ಷಗಳ ಮಹಾಪೂರದ ಗುರುತು ಎಲ್ಲರ ಗೋಡೆಗೂ ಗೊತ್ತಿದೆ. ಕಣಜದ ತಳ ಆ ಗುರುತಿಗಿಂತ ಮೇಲಿರಲಿ.

ಒಂದು ಮಾತನ್ನು ಒತ್ತಿ ಹೇಳುತ್ತೇವೆ. ಹುಳಕ್ಕೆಂದು ಅಂಗಡಿಯಿಂದ ಅಲ್ಯುಮಿನಿಯಂ ಫಾಸ್ಫೈಡಿನ ಗುಳಿಗೆ ತಂದು ಕಾಳಿನಲ್ಲಿ ಇಡುವವರಿದ್ದಾರೆ. ತೇವದ ಗಾಳಿ ತಗಲಿದರೆ ಅದರಿಂದ ವಿಷದ ಹೊಗೆ ಏಳುತ್ತದೆ. ದೊಡ್ಡ ಮನೆಗಳಲ್ಲಿ ಕಾಳಿನ ಚೀಲದ ಮಗ್ಗುಲಲ್ಲಿಯೇ ಮಕ್ಕಳು ಮಲಗುತ್ತಾರೆ. ಚಳಿಗೆ ಕಿಟಕಿ-ಬಾಗಿಲು ಮುಚ್ಚಿರುತ್ತವೆ. ಮಂದಿ ಮಲಗುವ ಮನೆಯೊಳಗೆ ಆ ಗುಳಿಗೆ ಎಂದಿಗೂ ಬರಬಾರದು. ಒಣಗಿದ ಬೇವಿನ ಸೊಪ್ಪು, ಬಿಸಿಲು, ಬಿಗಿಯಾದ ಬಾಯಿ, ಇಷ್ಟು ಸಾಕು.

ರೇಷನ್ನಿನ ಹಕ್ಕುಳ್ಳ ಮನೆಗಳು ಕಾರ್ಡನ್ನು ಒಮ್ಮೆ ತೆಗೆದು ನೋಡಬೇಕು. 2013ರ ಆಹಾರ ಭದ್ರತೆಯ ಕಾಯಿದೆಯಂತೆ ಆದ್ಯತೆಯ ಕಾರ್ಡಿಗೆ ತಲೆಗೆ ತಿಂಗಳಿಗೆ 5 ಕಿಲೋ ಧಾನ್ಯ; 2023ರ ಜನವರಿಯಿಂದ ಅದನ್ನು ಪುಕ್ಕಟೆ ಕೊಡುತ್ತಿದ್ದಾರೆ. ತಲೆಯ ಲೆಕ್ಕವಾದ್ದರಿಂದ ಕಾರ್ಡಿನಲ್ಲಿ ಇಲ್ಲದ ಪ್ರತಿಯೊಂದು ಹೆಸರಿಗೂ ಚಳಿಯ ನಾಲ್ಕು ತಿಂಗಳಲ್ಲಿ 20 ಕಿಲೋ ನಷ್ಟ. ನಮ್ಮ ಗಡಿಯ ಮನೆಗಳಲ್ಲಿ ಸೊಸೆಯಂದಿರು ಬೆಳಗಾವಿ ಜಿಲ್ಲೆಯ ತವರಿನವರು. ತವರಿನ ಕಾರ್ಡಿನಲ್ಲಿ ಹೆಸರು ಹಾಗೆಯೇ ಉಳಿದಿರುತ್ತದೆ, ಇಲ್ಲಿಯದರಲ್ಲಿ ಏರಿರುವುದಿಲ್ಲ. ಅಲ್ಲಿಯ ದಾಖಲೆ ಕನ್ನಡದಲ್ಲಿ, ಇಲ್ಲಿಯ ಅರ್ಜಿ ಮರಾಠಿಯಲ್ಲಿ. ಎರಡರ ನಡುವೆ ಹೆಣ್ಣುಮಗಳು ವರ್ಷಗಟ್ಟಲೆ ಯಾವ ಕಾರ್ಡಿನಲ್ಲೂ ಉಣ್ಣುವುದಿಲ್ಲ. ಈ ಸಲ ದೀಪಾವಳಿಗೆ ಅಕ್ಕತಂಗಿಯರು ತವರಿಗೆ ಹೋದಾಗ ಅಲ್ಲಿ ಹೆಸರು ತೆಗೆಸಿದ ದಾಖಲೆಯನ್ನೇ ಉಡುಗೊರೆಯಾಗಿ ತರಲಿ. ಎರಡೂ ಭಾಷೆ ಬಲ್ಲ ಹುಡುಗರು ಊರಿಗೆ ಇಬ್ಬರಾದರೂ ಇದ್ದಾರೆ. ಅರ್ಜಿ ಬರೆದುಕೊಡುವುದು ಅವರ ಕೆಲಸ.

ಮನೆಗೊಂದು ಅರ್ಧ ಎಕರೆ

ಈಗ ಕೆಲವರು ಸಿಟ್ಟಾಗಬಹುದಾದ ಮಾತು. ನಮ್ಮ ಅಜ್ಜನ ಕಾಲಕ್ಕೆ ಈ ಹೊಳೆಸಾಲಿನಲ್ಲಿ ಜೋಳ ಕೊಂಡು ತಿನ್ನುವ ಒಕ್ಕಲಿಗನನ್ನು ನೋಡಿ ನಗುತ್ತಿದ್ದರು. ಇಂದು ಹೊಲದ ತುಂಬ ಕಬ್ಬು, ಕೈಯಲ್ಲಿ ಸಂತೆಯ ಚೀಲ. ಮನೆಯ ಉಣಿಸಿಗೆಂದು ಅರ್ಧ ಎಕರೆಯನ್ನು ಬೇರೆ ತೆಗೆಯಿರೆಂದು ನಾವು ಹೇಳುತ್ತೇವೆ.

"ಅರ್ಧ ಎಕರೆ ಕಬ್ಬಿನ ದುಡ್ಡೆಷ್ಟು, ಜೋಳದ ದುಡ್ಡೆಷ್ಟು?" ಎಂದು ಕೇಳುವಿರಿ. ಪ್ರಾಮಾಣಿಕವಾಗಿಯೇ ಲೆಕ್ಕ ಹಾಕೋಣ. 2025-26ರ ಹಂಗಾಮಿಗೆ ಕೇಂದ್ರ ಸರಕಾರ ನೂರಕ್ಕೆ 10.25 ಸಕ್ಕರೆಯ ಇಳುವರಿಗೆ ಕ್ವಿಂಟಲ್ಲಿಗೆ 355 ರೂಪಾಯಿ ದರ ಗೊತ್ತುಪಡಿಸಿದೆ. ಅರ್ಧ ಎಕರೆಗೆ 20 ಟನ್ನು ಬಂದರೆ 71,000 ರೂಪಾಯಿ. ಅದರಲ್ಲಿ ಕಡಿಯುವ, ಸಾಗಿಸುವ ಖರ್ಚು, ಬೀಜ, ಗೊಬ್ಬರ, ನೀರು ಕಳೆಯಬೇಕು. ನಮ್ಮ ಅರ್ಧ ಎಕರೆಯಲ್ಲಿ ಒಂದೆರಡು ನೀರು ಕೊಟ್ಟು ಬೆಳೆದ ಮಾಲದಂಡಿ ಜೋಳ 5 ಕ್ವಿಂಟಲ್, ಜೊತೆಗೆ ಕಣಿಕೆ. ರೂಪಾಯಿಯಲ್ಲಿ ಎಣಿಸಿದರೆ ಕಬ್ಬೇ ಮುಂದು. ಅದನ್ನು ನಾವು ಅಲ್ಲಗಳೆಯುವುದಿಲ್ಲ.

ಆದರೆ ಕಬ್ಬು ಕಿತ್ತು ಜೋಳ ಹಾಕಿರೆಂದು ನಾವು ಹೇಳುತ್ತಿಲ್ಲ. ಕುಳೆ ಕಬ್ಬು ತೆಗೆದ ಹೊಲ ಹೇಗೂ ಒಂದು ವರ್ಷ ವಿಶ್ರಾಂತಿ ಬೇಡುತ್ತದೆ. ಮಾಘದಲ್ಲಿ ಕುಳೆ ಹೋದ ಅರ್ಧ ಎಕರೆಗೆ ಮುಂಗಾರಿಗೆ ಶೇಂಗಾ ಇಲ್ಲವೆ ಸೋಯಾಬೀನ, ಅದು ಬಂದ ಮೇಲೆ ಹಿಂಗಾರಿಗೆ ಜೋಳ. ನಾಲ್ಕು ತಿಂಗಳಿಗೆ ಜೋಳ ಬಂದರೆ ಫೆಬ್ರುವರಿಯಲ್ಲಿ ಮತ್ತೆ ಸುರು ಕಬ್ಬು ನಾಟಲು ಬರುತ್ತದೆ. ಪ್ರತಿ ವರ್ಷ ಹೊಲದ ಒಂದೊಂದು ತುಂಡಿಗೆ ಈ ಪಾಳಿ ಬಂದರೆ ಮನೆಗೆ ಕಾಳು, ಎಮ್ಮೆಗೆ ಮೇವು, ಭೂಮಿಗೆ ಉಸಿರು. ಬರೀ ಕಬ್ಬು, ಬರೀ ನೀರು ಕಂಡು ಶಿರೋಳ ತಾಲೂಕಿನಲ್ಲಿ ಎಷ್ಟು ಕಪ್ಪು ಭೂಮಿ ಸವಳಾಗಿ ಹೋಗಿದೆಯೆಂಬುದನ್ನು ನಾವು ಕಣ್ಣಾರೆ ನೋಡಿದ್ದೇವೆ.

ಬದುವಿನ ಮೇಲೆ ಎರಡು ಸಾಲು ಸಜ್ಜೆ, ಅವರೆ, ನಡುನಡುವೆ ಎಳ್ಳು, ಅಗಸೆ ಇರಲಿ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯನ್ನು ಭೋಗಿಯ ದಿವಸ ಮಾತ್ರ ಶಾಸ್ತ್ರಕ್ಕೆ ತಿಂದು ಮುಗಿಸಬಾರದು. ಅದು ಚಳಿಗಾಲಕ್ಕೆಂದೇ ಹಿರಿಯರು ಕಟ್ಟಿಕೊಟ್ಟ ಬುತ್ತಿ. ಸಜ್ಜೆಯಲ್ಲಿ ಕಬ್ಬಿಣದ ಅಂಶವಿದೆ, ಎಳ್ಳಿನಲ್ಲಿ ಎಲುಬಿಗೆ ಬೇಕಾದ ಸುಣ್ಣದ ಅಂಶವಿದೆ. ವಿಶ್ವಸಂಸ್ಥೆಯವರು 2023ನೆಯ ವರ್ಷವನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿ ಜಗತ್ತಿಗೆ ಹೇಳಿದ್ದನ್ನು ನಮ್ಮ ಅವ್ವಂದಿರು ಒಲೆಯ ಮುಂದೆ ಹೇಳುತ್ತಲೇ ಬಂದಿದ್ದಾರೆ.

ಎಲ್ಲವನ್ನೂ ಒಂದೇ ಹೊಲದಲ್ಲಿ ಬೆಳೆಯಬೇಕೆಂದಿಲ್ಲ. ಗಡಹಿಂಗ್ಲಜದ ಕಡೆ ನಮ್ಮ ಬೀಗರಿದ್ದಾರೆ; ಅಲ್ಲಿ ಶೇಂಗಾ, ಮೆಣಸಿನಕಾಯಿ ಚೆನ್ನಾಗಿ ಬರುತ್ತದೆ. ನಮ್ಮಲ್ಲಿಂದ ಬೆಲ್ಲದ ರವೆ ಅಲ್ಲಿಗೆ, ಅಲ್ಲಿಂದ ಶೇಂಗಾ-ಮೆಣಸಿನಕಾಯಿ ಇಲ್ಲಿಗೆ. ದಲಾಲನಿಲ್ಲ, ತೂಕದ ಮೋಸವಿಲ್ಲ. ಬೀಗತನ ಬರೀ ಮದುವೆಯ ಊಟಕ್ಕಲ್ಲ. ಇಂಥ ವಿನಿಮಯಕ್ಕೂ ಆಗಬೇಕು.

ಒಲೆ ಮತ್ತು ಹೊಗೆ

ಗ್ಯಾಸಿನ ಒಲೆ ಬಂದು ಹೆಣ್ಣುಮಕ್ಕಳ ಕಣ್ಣು ಉಳಿಯಿತು. ಆದರೆ ದೊಡ್ಡ ಮನೆಯಲ್ಲಿ ಸ್ನಾನದ ನೀರನ್ನೂ ಅದರ ಮೇಲೆಯೇ ಕಾಯಿಸಿದರೆ 14.2 ಕಿಲೋದ ಸಿಲಿಂಡರು ಬೇಗ ಖಾಲಿಯಾಗುತ್ತದೆ. ಅಡಿಗೆ ಗ್ಯಾಸಿನ ಮೇಲೆ, ನೀರು ಹೊರಗಿನ ಬಂಬಿನಲ್ಲಿ ಇಲ್ಲವೆ ಹಂಡೆಯಲ್ಲಿ ಎಂದು ಗೊತ್ತು ಮಾಡಿಕೊಳ್ಳಿರಿ. ಅದಕ್ಕೆ ತೊಗರಿಕಟ್ಟಿಗೆ, ಕುಳ್ಳು, ಒಣ ಚಿಪ್ಪು ಈಗಲೇ ಒಳಗೆ ಬರಬೇಕು; ಇಬ್ಬನಿಗೆ ನೆನೆದ ಕಟ್ಟಿಗೆ ಬರೀ ಹೊಗೆ ಕೊಡುತ್ತದೆ. ಕಬ್ಬಿನ ರವದಿಯನ್ನು ಮಾತ್ರ ಸುಡಬೇಡಿರಿ. ಅದು ಕುಳೆಗೆ ಹೊದಿಕೆ. ಮನೆಗೆ ಕೌದಿಯಂತೆ ಹೊಲಕ್ಕೆ ರವದಿ.

ಕಟ್ಟಿಗೆಯ ಒಲೆ ಇದ್ದಲ್ಲಿ ಹೊಗೆಗೂಡು ಇರಲೇಬೇಕು. ಬೆಂಗಳೂರಿನ ವಿಜ್ಞಾನ ಸಂಸ್ಥೆಯವರು ಹಳ್ಳಿಗಳಿಗೆಂದೇ ರೂಪಿಸಿದ ಅಸ್ತ್ರ ಒಲೆ ಇದಕ್ಕೆ ಒಳ್ಳೆಯ ಮಾದರಿ. ಅದರಲ್ಲಿ ಉರಿ ಪಾತ್ರೆಯ ಬುಡಕ್ಕೆ ತಾಗಿ, ಹೊಗೆ ಕೊಳವೆಯಿಂದ ಹೊರಗೆ ಹೋಗುತ್ತದೆ. ಕಟ್ಟಿಗೆಯೂ ಕಡಿಮೆ ಹಿಡಿಯುತ್ತದೆ. ನಾವು ಒಲೆಯ ದುರಸ್ತಿಗೆ ಇಟ್ಟ 500 ರೂಪಾಯಿ ಈ ಕೊಳವೆಗೆ.

ರಾತ್ರಿ ಬಾಗಿಲು ಮುಚ್ಚಿ ಕೆಂಡದ ಶೇಗಡಿಯನ್ನು ಮಂಚದ ಬುಡಕ್ಕೆ ಇಟ್ಟುಕೊಂಡು ಮಲಗುವ ರೂಢಿ ಕೆಲವು ಮನೆಗಳಲ್ಲಿದೆ. ಬಾಣಂತಿಯ ಕೋಣೆಯಲ್ಲಂತೂ ಇದು ಹೆಚ್ಚು. ಕೆಂಡದಿಂದ ಬಣ್ಣವಿಲ್ಲದ, ವಾಸನೆಯಿಲ್ಲದ ವಿಷಗಾಳಿ ಹುಟ್ಟುತ್ತದೆ. ಮಲಗಿದವರಿಗೆ ಎಚ್ಚರವೇ ಆಗುವುದಿಲ್ಲ. ಶೇಗಡಿಯಿಂದ ಕೋಣೆಯನ್ನು ಬೆಚ್ಚಗೆ ಮಾಡಿ, ಮಲಗುವ ಮೊದಲು ಹೊರಗಿಡಬೇಕು. ಒಂದು ಕಿಟಕಿ ನಾಲ್ಕು ಬೆರಳಷ್ಟಾದರೂ ತೆರೆದಿರಬೇಕು. ಬಿಸುಪನ್ನು ಕೌದಿ ಕೊಡಲಿ, ಕೆಂಡ ಬೇಡ.

ಲೆಕ್ಕದ ಪುಸ್ತಕ

ಇಷ್ಟೆಲ್ಲ ಹೇಳಿದ ಮೇಲೆ ಮುಖ್ಯವಾದುದೊಂದು ಉಳಿಯಿತು. ದೊಡ್ಡ ಮನೆತನ ನಡೆಯುವುದು ಕಡಿಮೆ ಖರ್ಚಿನಿಂದಲ್ಲ, ತೆರೆದ ಲೆಕ್ಕದಿಂದ. 2019ರ ಆ ಜಗಳದ ಮೂಲ ಒಂದು ಕೌದಿ ಎಂದು ನಾವು ಬಹಳ ದಿವಸ ತಿಳಿದಿದ್ದೆವು. ಈಗ ಹಾಗೆನ್ನಿಸುವುದಿಲ್ಲ. ಯಾವ ದುಡ್ಡು ಎಷ್ಟು ಬಂತು, ಎಲ್ಲಿ ಹೋಯಿತು ಎಂಬುದು ಗಂಡಸರಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಗೊತ್ತಿಲ್ಲದವರಿಗೆ ಸಂಶಯ ಬರುವುದು ಸಹಜ. "ಅವರಿಗೆ ಕೊಟ್ಟರು, ನಮಗೆ ಕೊಡಲಿಲ್ಲ" ಎಂಬ ಮಾತು ಹುಟ್ಟುವುದು ಕತ್ತಲೆಯಲ್ಲಿ.

ಆಮೇಲೆ ನಾವು ಒಂದು ಶಾಲೆಯ ನೋಟಬುಕ್ಕು ತಂದೆವು. ಹತ್ತು ದಿವಸಕ್ಕೊಮ್ಮೆ ಹಾಲಿನ ಬಿಲ್ಲಾದ ರಾತ್ರಿ, ಊಟವಾದ ಮೇಲೆ ಎಲ್ಲರೂ ಕೂಡ್ರುತ್ತಾರೆ. ಎಂಟನೆಯ ಇಯತ್ತೆಯ ಹುಡುಗಿ ಓದುತ್ತಾಳೆ. ಹಾಲಿನ ದುಡ್ಡು ನಡುವಿನ ಸೊಸೆಯ ಕೈಯಲ್ಲಿರುತ್ತದೆ. ಮೊದಲ ತಿಂಗಳು ಅಪ್ಪನಿಗೆ ಇದು ಸೇರಲಿಲ್ಲ. "ಮನೆಯನ್ನು ಕಚೇರಿ ಮಾಡಿದಿರಿ" ಎಂದರು. ಕಳೆದ ವರ್ಷ ಕಂಬಳಿ ಯಾರಿಗೆಂಬ ಮಾತು ಬಂದಾಗ ಅತ್ತೆಯ ಹೆಸರು ಹೇಳಿದವರು ಸೊಸೆಯಂದಿರೇ. ಅಪ್ಪ ಆ ದಿವಸದಿಂದ ಲೆಕ್ಕಕ್ಕೆ ಎಲ್ಲರಿಗಿಂತ ಮೊದಲು ಬಂದು ಕೂಡ್ರುತ್ತಾರೆ.

ಕೊನೆಗೆ ಇನ್ನೊಂದು ಮಾತು. ಹಂಗಾಮು ಶುರುವಾದೊಡನೆ ಬೀಡ ಜಿಲ್ಲೆಯಿಂದಲೂ ಇತರ ಕಡೆಗಳಿಂದಲೂ ಕಬ್ಬು ಕಡಿಯುವ ಟೋಳಿಗಳು ಬರುತ್ತವೆ. ನಮ್ಮ ಹೊಲದ ಬದುವಿಗೆ ತಾಡಪತ್ರಿ ಗುಡಿಸಲು ಹಾಕಿ, ಎಳೆಯ ಕೂಸುಗಳೊಡನೆ ಅದೇ ಇಬ್ಬನಿಯಲ್ಲಿ ಮಲಗುತ್ತಾರೆ. ನಮ್ಮ ಬಿಲ್ಲು ಬರುವುದು ಅವರ ಕತ್ತಿಯಿಂದ. ಹೊಸ ಕೌದಿ ಹೊಲಿದಾಗ ಹಳೆಯದರಲ್ಲಿ ಒಂದನ್ನು ತೊಳೆದು, ಒಣಗಿಸಿ ಆ ಗುಡಿಸಲಿಗೆ ಮುಟ್ಟಿಸಿರಿ. ನಮ್ಮ ಹದಿನಾರರ ಲೆಕ್ಕದಲ್ಲಿ ಅದನ್ನು ಹದಿನೇಳನೆಯದೆಂದು ಬರೆದಿದ್ದೇವೆ.

ಇನ್ನು ಹದಿನೈದು ದಿವಸವಿದೆ. ಹಾಲಿನ ಫರಕು ಬರುವುದರಲ್ಲಿದೆ. ಪೇಟೆಗೆ ಹೋಗುವ ಮೊದಲು ಒಂದು ಸಂಜೆ ಮನೆಯವರೆಲ್ಲ ಕೂಡಿ ಮಂದಿ ಎಣಿಸಿರಿ, ಕೌದಿ ಎಣಿಸಿರಿ, ಚೀಲದಲ್ಲಿಯ ಜೋಳ ಅಳೆಯಿರಿ. ಕಡಿಮೆ ಬಿದ್ದದ್ದನ್ನು ಮೊದಲು ತನ್ನಿರಿ. ಬಿಲ್ಲು ತನ್ನ ಹೊತ್ತಿಗೆ ಬರಲಿ.